ಆಮೇಲಪ್ಪನ ಸಾಲವೂ ನಮ್ಮೆಲ್ಲರ ಕೂದಲೂ

ನನ್ನ ತಲೆಯ ಹಿಂಭಾಗವನ್ನು ನಾನು ಒಂಬತ್ತು ವರ್ಷ ಸರಿಯಾಗಿ ನೋಡಿರಲಿಲ್ಲ. ಅದಕ್ಕೆ ಕಾರಣ, ನಾನು ನನ್ನ ಭಾವಮೈದನಿಗೆ ಕೊಟ್ಟಿದ್ದ ಮೂರು ಸಾವಿರದ ಸಾಲ. ಎತ್ತಣ ತಲೆ, ಎತ್ತಣ ಸಾಲ ಅಂತ ನೀವು ಕೇಳಬಹುದು. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ಭಾವಮೈದ ಅಂದರೆ ನನ್ನ ಹೆಂಡತಿಯ ತಮ್ಮ. ನಮ್ಮ ಬೀದಿಯ ಮೂಲೆಯಲ್ಲಿ ಅವನದೊಂದು ಕಟಿಂಗ್ ಶಾಪು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ, ಅದು ಈಗ ಅವನ ಗುರುತಿನ ಚೀಟಿಗೆ ಮಾತ್ರ ಗೊತ್ತು. ಬೀದಿಯವರಿಗೆಲ್ಲ ಅವನು ಆಮೇಲಪ್ಪ. ಯಾರು ದುಡ್ಡು ಕೇಳಿದರೂ "ಆಮೇಲೆ ಕೊಡ್ತೀನಪ್ಪಾ" ಅನ್ನುತ್ತಿದ್ದ. ವರ್ಷಗಳು ಕಳೆದಂತೆ ಕೊಡುವುದು ನಡುವಿನಿಂದ ಬಿದ್ದುಹೋಗಿ, ಆಮೇಲೆಯೂ ಅಪ್ಪನೂ ಉಳಿದುಕೊಂಡರು.

ಅವನು ಕುಡಿಯುವವನಲ್ಲ, ಇಸ್ಪೀಟು ಮುಟ್ಟುವವನೂ ಅಲ್ಲ. ಅವನಿಗಿದ್ದ ಚಟ ಒಂದೇ, ಅಂಗಡಿಗೆ ಸಾಮಾನು ತರುವುದು. ಕಾಲಿನಿಂದ ಒತ್ತಿದರೆ ಮೇಲೇಳುವ ಕುರ್ಚಿ ಬಂತು, ಹಾರ್ಡ್‌ವೇರ್ ಅಂಗಡಿಯವರ ದುಡ್ಡಿನಲ್ಲಿ. ಕೆಲಸಕ್ಕೆ ಇನ್ನೊಬ್ಬ ಸಿಗಬಹುದೆಂದು ಅಂಥದ್ದೇ ಇನ್ನೊಂದು ಕುರ್ಚಿ ಬಂತು, ನನ್ನ ದುಡ್ಡಿನಲ್ಲಿ. ಇನ್ನೊಬ್ಬ ಸಿಗಲಿಲ್ಲ. ಆ ಕುರ್ಚಿಯಲ್ಲಿ ಹಳೆಯ ಪೇಪರುಗಳು ರಾಜರ ಹಾಗೆ ಕೂತವು. ಆಮೇಲೆ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಬಂದವು. ಅಂಗಡಿಯಲ್ಲಿ ದಿನವಿಡೀ ಹಾರುತ್ತಿದ್ದ ಸ್ಪ್ರೇ, ಪೌಡರು ಕುಡಿದೂ ಕುಡಿದೂ ಮೀನುಗಳು ತಿಂಗಳೊಳಗೆ ತೀರಿಕೊಂಡವು. ತೊಟ್ಟಿಯ ಸಾಲ ಮಾತ್ರ ತೀರಲಿಲ್ಲ. ಕೊನೆಗೆ ಬೆನ್ನಿಗೆ ಮಸಾಜು ಮಾಡುವ ಯಂತ್ರ ತಂದ. ಅದನ್ನು ಮೊದಲ ಸಲ ಹೆಗಲ ಮೇಲೆ ಇಡಿಸಿಕೊಂಡ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು, ಬಲಗಾಲಿನಿಂದ ಇಲ್ಲದ ಬ್ರೇಕು ಒತ್ತುತ್ತಾ ಕಿರುಚಿಕೊಂಡರಂತೆ. ಯಂತ್ರಕ್ಕೆ ಸಾಲ ಕೊಟ್ಟವರೂ ಅವರೇ.

ಹೀಗೆ ಒಟ್ಟು ಹದಿನಾಲ್ಕು ಜನ, ಮೂವತ್ತಾರು ಸಾವಿರ.

ಬಡ್ಡಿಯ ವಿಷಯ ಶುರುವಾದದ್ದು ಹಾರ್ಡ್‌ವೇರಿನವರಿಂದ. ಒಂದು ದಿನ ಅವರು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡುತ್ತಾ ಅಂಗಡಿಗೆ ನುಗ್ಗಿದರು. "ಇವತ್ತು ದುಡ್ಡು ಎಣಿಸೋ ತನಕ ನಾನು ಏಳಲ್ಲ!" ಅಂತ ಕುರ್ಚಿಯಲ್ಲಿ ಕೂತರು. ಕುರ್ಚಿಯಲ್ಲಿ ಕೂತವರಿಗೆ ಬಟ್ಟೆ ಹೊದಿಸುವುದು ಆಮೇಲಪ್ಪನ ಕೈಯ ಅಭ್ಯಾಸ. ಹೊದಿಸಿದ. ನೀರು ಚಿಮುಕಿಸಿದ. ಕತ್ತರಿ ಆಡಿತು. ಕೆನ್ನೆಗೆ ನೊರೆ ಹಚ್ಚಿ, ಗಂಟಲ ಹತ್ತಿರ ರೇಜರು ತಂದಾಗ ಅವರ ದನಿ ತಾನಾಗಿಯೇ ತಗ್ಗಿತು. ರೇಜರು ಗಂಟಲ ಮೇಲಿರುವಾಗ ಹಳೆಯ ಬಾಕಿ ಕೇಳುವಷ್ಟು ಧೈರ್ಯವಂತನನ್ನು ನಾನಂತೂ ಇನ್ನೂ ಕಂಡಿಲ್ಲ. ತಲೆಗೆ ಎಣ್ಣೆ ತಟ್ಟುವ ಹೊತ್ತಿಗೆ ಅವರಿಗೆ ಜೊಂಪು ಹತ್ತಿತ್ತು. ಏಳುವಾಗ ಅವರೇ, "ಅಸಲೇನು ಅರ್ಜೆಂಟಿಲ್ಲ ಬಿಡು. ಇದು ಬಡ್ಡಿಗೆ ಆಯ್ತು," ಅಂದರು.

ಅಂದಿನಿಂದ ಅದೇ ಪದ್ಧತಿಯಾಯಿತು. ಸಾಲ ಕೊಟ್ಟವರಿಗೆಲ್ಲ ಕಟಿಂಗೇ ಬಡ್ಡಿ. ಹಾರ್ಡ್‌ವೇರಿನವರು ತಮ್ಮ ಬಡ್ಡಿಯಲ್ಲಿ ಮೂರು ಗಂಡುಮಕ್ಕಳನ್ನೂ ಒಬ್ಬ ಅಳಿಯನನ್ನೂ ಸೇರಿಸಿಕೊಂಡರು. ಡ್ರೈವಿಂಗ್ ಮೇಷ್ಟ್ರು ದಿನ ಬಿಟ್ಟು ದಿನ ಗಡ್ಡಕ್ಕೆ ಬಂದರು. ನಾನು ಮೂರು ವಾರಕ್ಕೊಮ್ಮೆ ಹೋಗುತ್ತಿದ್ದೆ. ಸಾಲ ಕೊಟ್ಟವರನ್ನು ಆಮೇಲಪ್ಪ ಎಷ್ಟು ಹೊಗಳುತ್ತಿದ್ದ ಅಂತೀರಿ! "ಏನು ಕೂದಲು ಭಾವ! ಕತ್ತರಿ ಒಳಗೆ ಹೋದ್ರೆ ದಾರಿ ಸಿಗಲ್ಲ ನೋಡಿ," ಅನ್ನುತ್ತಿದ್ದ. ಮುಗಿದ ಮೇಲೆ ಕೈಗನ್ನಡಿಯನ್ನು ತಲೆಯ ಹಿಂದೆ ಮಿಂಚಿನ ಹಾಗೆ ಹೀಗೆ ತೋರಿಸಿ ಹಾಗೆ ತೆಗೆಯುತ್ತಿದ್ದ. ಏನೋ ಹೊಳೆದ ಹಾಗಾಗುತ್ತಿತ್ತು. ಕನ್ನಡಿ ಹೊಳೆಯಿತು ಅಂದುಕೊಳ್ಳುತ್ತಿದ್ದೆ.

ನಾನು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಚಕ್ರಬಡ್ಡಿ ಕಲಿಸುತ್ತಿದ್ದೇನೆ. ಕಟಿಂಗಿಗೆ ನೂರು. ಮೂರು ವಾರಕ್ಕೊಂದರಂತೆ ಒಂಬತ್ತು ವರ್ಷ. ಈ ಗುಣಾಕಾರವನ್ನು ನಾನು ಒಂದು ದಿನವೂ ಮಾಡಲಿಲ್ಲ. ಮಾಡಿದ್ದರೆ ನಿದ್ದೆ ಕೆಡುತ್ತಿತ್ತು ಎಂದು ನನ್ನೊಳಗಿನ ಮೇಷ್ಟ್ರಿಗೆ ಗೊತ್ತಿತ್ತು ಅಂತ ಕಾಣುತ್ತದೆ.

ಈ ಪದ್ಧತಿಗೆ ಒಗ್ಗದ ಮನುಷ್ಯ ಬೀದಿಯಲ್ಲಿ ಒಬ್ಬರೇ ಇದ್ದರು. ಅಂಗಡಿಯ ಓನರ್ರು. ಅವರ ತಲೆಯಲ್ಲಿ ಒಂದೇ ಒಂದು ಕೂದಲಿರಲಿಲ್ಲ. ಮೀಸೆ ಇಟ್ಟವರಲ್ಲ. ಗಡ್ಡವನ್ನು ಮನೆಯಲ್ಲೇ, ತಾವೇ, ನಲವತ್ತು ವರ್ಷದಿಂದ ಒಂದೇ ಡಬ್ಬಿಯ ಬ್ಲೇಡಿನಲ್ಲಿ ಕೆರೆದುಕೊಳ್ಳುತ್ತಿದ್ದವರು. ಅವರಿಗೆ ಯಾವ ಬಡ್ಡಿ ಕೊಡುವುದು? ಅವರಿಗೆ ಬೇಕಾದದ್ದು ಬಾಡಿಗೆ, ಅದೂ ನೋಟಿನಲ್ಲಿ. ಆರು ತಿಂಗಳ ಬಾಕಿ ಹದಿನೆಂಟು ಸಾವಿರಕ್ಕೆ ಮುಟ್ಟಿದಾಗ ಅವರು ಅಂಗಡಿಗೆ ಬಂದು ನಿಂತರು.

"ಮೂರು ತಿಂಗಳು ಟೈಮು. ಕೊನೇ ದಿನ ಸಂಜೆ ಆರು ಗಂಟೆಗೆ ಬೀಗ ತಗೊಂಡು ಬರ್ತೀನಿ. ಈ ಹಳೇ ಬಾಕಿ ಪೂರ್ತಿ ಹದಿನೆಂಟು ಇದ್ರೆ ಬೀಗ ವಾಪಸ್ ತಗೊಂಡು ಹೋಗ್ತೀನಿ. ಇಲ್ದಿದ್ರೆ ಹಾಕಿ ಹೋಗ್ತೀನಿ."

"ಆಮೇಲೆ..." ಅಂತ ಶುರು ಮಾಡಿದ ಇವನು.

"ಆಮೇಲೆ ಜ್ಯೂಸ್ ಅಂಗಡಿಯವನು ಬರ್ತಾನೆ," ಅಂದು ಓನರ್ರು ಹೋದರು.

ಆ ರಾತ್ರಿ ಊಟಕ್ಕೆ ನಮ್ಮ ಮನೆಗೆ ಬಂದವನು ಅನ್ನ ಕಲಸುತ್ತಲೇ ಕೂತಿದ್ದ. ನನ್ನ ಹೆಂಡತಿ ತಮ್ಮನನ್ನು ತರಾಟೆಗೆ ತಗೊಂಡಳು.

"ಲೋ, ಬೆಳಗ್ಗೆಯಿಂದ ರಾತ್ರಿವರೆಗೂ ನಿನ್ನ ಅಂಗಡಿ ಬೆಂಚಲ್ಲಿ ಕೂರೋಕೆ ಜಾಗ ಇರಲ್ಲ. ಬರೋ ದುಡ್ಡು ಎಲ್ಲಿಗೆ ಹೋಗುತ್ತೋ?"

"ನಂಗೂ ಅದೇ ಆಶ್ಚರ್ಯ ಅಕ್ಕಾ."

ಆಶ್ಚರ್ಯಪಡದೆ ಇದ್ದವಳು ಅವನ ಹೆಂಡತಿ. ಆಕೆ ದೊಡ್ಡ ಲಾಂಡ್ರಿಯೊಂದರಲ್ಲಿ ಬಟ್ಟೆಗೆ ಚೀಟಿ ಹಚ್ಚುವ ಕೆಲಸದವಳು. ಚೀಟಿ ಇಲ್ಲದೆ ಕರವಸ್ತ್ರವೂ ಒಳಗೆ ಹೋಗಕೂಡದು, ಚೀಟಿ ಕೊಡದೆ ಕಾಲುಚೀಲವೂ ಹೊರಗೆ ಹೋಗಕೂಡದು. ಹದಿನೈದು ವರ್ಷ ಇದೇ ಕೆಲಸ ಮಾಡಿದ ಕಣ್ಣು ಅವಳದು. ಮುಂದಿನ ಭಾನುವಾರ ಅವಳು ಅಂಗಡಿಗೆ ಹೋಗಿ, ಹಳೆಯ ಪೇಪರುಗಳನ್ನು ಕೆಳಗಿಳಿಸಿ, ಆ ಎರಡನೆಯ ಕುರ್ಚಿಯಲ್ಲಿ ಕೂತಳು. ಒಂಬತ್ತು ವರ್ಷದಲ್ಲಿ ಆ ಕುರ್ಚಿ ಮಾಡಿದ ಮೊದಲ ಉಪಕಾರ ಅದು. ರಾತ್ರಿ ಅಂಗಡಿ ಮುಚ್ಚುವವರೆಗೂ ಸುಮ್ಮನೆ ನೋಡಿದಳು.

"ಇವತ್ತು ಹತ್ತೊಂಬತ್ತು ತಲೆ. ದುಡ್ಡು ಕೊಟ್ಟ ತಲೆ ಎರಡು," ಅಂದಳು.

"ಉಳಿದದ್ದು ಬಡ್ಡಿ ಕಣೇ."

"ಇಬ್ಬರು ಹೊಸಬರು ಬಾಗಿಲಲ್ಲಿ ಇಣುಕಿ, ಬೆಂಚು ತುಂಬಿದ್ದು ನೋಡಿ ಆ ಕಡೆ ಬೀದಿಗೆ ಹೋದರು. ಬೆಂಚಲ್ಲಿ ಕೂತಿದ್ದೋರು ಯಾರು ಗೊತ್ತಾ? ಹಾರ್ಡ್‌ವೇರಿನವರ ಮನೆಮಂದಿ. ಅಣ್ಣನೂ ಬಂದಿದ್ರು."

ಅಣ್ಣ ಅಂದರೆ ನಾನು. ಅವಳು ನನ್ನನ್ನು ಹಾಗೇ ಕರೆಯುವುದು. ಆಗಿದ್ದಿಷ್ಟೇ, ನಾನು ಬಡ್ಡಿ ತಗೊಂಡ ಮೇಲೂ ಅಲ್ಲೇ ಕೂತು ಪುಕ್ಕಟೆ ಪೇಪರಿನಲ್ಲಿ ಪದಬಂಧ ಬಿಡಿಸುತ್ತಿದ್ದೆ.

ಒಂದು ವಾರ ಕಳೆಯಿತು. ಅವಳು ಲಾಂಡ್ರಿಯಲ್ಲಿ ಅಂಚು ಹರಿದದ್ದೆಂದು ಎಸೆಯುವ ಗುಲಾಬಿ ಚೀಟಿಗಳನ್ನು ಕೇಳಿ ತಂದಳು. ಒಂದೊಂದಕ್ಕೂ ಪಿನ್ನು ಚುಚ್ಚಲು ತೂತು, ಮೇಲೆ ನಂಬರು. ಹದಿನಾಲ್ಕು ಜನ ಸಾಲಗಾರರನ್ನೂ, ಕ್ಷಮಿಸಿ, ಸಾಲ ಕೊಟ್ಟವರನ್ನೂ ಅಂಗಡಿಗೆ ಕರೆಸಿದಳು. ಬೆಂಚಿನಲ್ಲಿ ಆರು ಜನ ಕೂತರು, ಉಳಿದವರು ನಿಂತರು.

"ಇಲ್ಲಿವರೆಗೂ ನೀವು ಬಡ್ಡಿ ಅಂತ ತಗೊಂಡಿದ್ದನ್ನ ನಾನು ಕೇಳಲ್ಲ. ಇವತ್ತಿನಿಂದ ಕಟಿಂಗು ಅಸಲಿಗೆ. ನೂರಕ್ಕೆ ಒಂದು ಚೀಟಿ. ಚೀಟಿ ಕೊಡಿ, ಕಟಿಂಗ್ ಮಾಡಿಸ್ಕೊಳ್ಳಿ. ಚೀಟಿ ಮುಗಿದ ದಿನ ಸಾಲಾನೂ ಮುಗೀತು. ಒಪ್ಪಿಗೆನಾ?"

ಹಾರ್ಡ್‌ವೇರಿನವರು ಗಂಟಲು ಸರಿಮಾಡಿಕೊಂಡರು. "ಅಲ್ಲಮ್ಮಾ, ನಮ್ಮ ಹುಡುಗರದು?"

"ಒಂದು ತಲೆಗೆ ಒಂದು ಚೀಟಿ ಯಜಮಾನ್ರೇ. ನಮ್ಮಲ್ಲಿ ಪ್ಯಾಂಟು ಒಗೆಸಿದ್ರೆ ಶರಟು ಪುಕ್ಕಟೆ ಅಂತ ಇಲ್ಲ."

"ಗಡ್ಡಕ್ಕೆ?" ಅಂದರು ಡ್ರೈವಿಂಗ್ ಮೇಷ್ಟ್ರು.

"ಗಡ್ಡ ಎರಡಕ್ಕೆ ಒಂದು ಚೀಟಿ. ಮಸಾಜ್ ಯಂತ್ರಕ್ಕೆ ಚೀಟಿ ಬೇಡ. ಬೇಕಾದ್ರೆ ಮನೆಗೇ ತಗೊಂಡು ಹೋಗಿ."

ಮೇಷ್ಟ್ರು ಹೆಗಲು ಮುಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

ನನಗೆ ಮೂವತ್ತು ಚೀಟಿ ಬಂದವು. ನಾನು ಮನೆಗೆ ಬಂದು ಎರಡು ಸಲ ಎಣಿಸಿದೆ. ಹೆಂಡತಿ ಬಾಗಿಲಲ್ಲಿ ನಿಂತು, "ಸ್ವಂತ ಭಾವಮೈದನ ಹತ್ರ ಚೀಟಿ ಇಸ್ಕೊಂಡು ಬಂದ್ರಲ್ಲ, ನಾಚಿಕೆ ಆಗಲ್ವಾ?" ಅಂದಳು. "ಕಾಗದಪತ್ರ ಸರಿ ಇರಬೇಕು ಕಣೇ," ಅಂದೆ. ನಾಚಿಕೆ ಆಗಿತ್ತು, ನಿಜ. ಆದರೂ ಇಪ್ಪತ್ತೊಂಬತ್ತು ಇದೆಯೇನೋ ಎಂಬ ಅನುಮಾನಕ್ಕೆ ಮೂರನೆಯ ಸಲವೂ ಎಣಿಸಿದೆ.

ಒಟ್ಟು ಮುನ್ನೂರ ಅರವತ್ತು ಚೀಟಿ ಬೀದಿಯ ಜೇಬುಗಳಿಗೆ ಇಳಿದಿದ್ದವು. "ಎಲ್ಲರೂ ಒಟ್ಟಿಗೆ ಚೀಟಿ ಹಿಡ್ಕೊಂಡು ಬಂದ್ರೆ ಮೂರು ತಿಂಗಳೂ ಪುಕ್ಕಟೆ ಕತ್ತರಿಸಬೇಕಾಗುತ್ತೆ. ಬಾಡಿಗೆ ಎಲ್ಲಿಂದ ತರಲೇ?" ಅಂತ ಆಮೇಲಪ್ಪ ಹೆಂಡತಿಯನ್ನು ಕೇಳಿದ. ಅವಳ ಮುಖ ಸಣ್ಣದಾಯಿತು. ಅದೊಂದನ್ನು ಅವಳೂ ಯೋಚಿಸಿರಲಿಲ್ಲ. "ಏನಾದ್ರೂ ಆಗ್ಲಿ, ಇನ್ನು ಒಂದು ಪೈಸೆ ಸಾಲ ಮಾಡಕೂಡದು. ನನ್ನ ತಲೆ ಮುಟ್ಟಿ ಹೇಳು," ಅಂದಳು. ದಿನಕ್ಕೆ ಇಪ್ಪತ್ತು ತಲೆ ಮುಟ್ಟುವವನು ಅವತ್ತು ಮೊದಲ ಸಲ ಆಣೆ ಇಡಲು ತಲೆ ಮುಟ್ಟಿದ.

ಮೊದಲ ವಾರ ಚೀಟಿ ಹಿಡಿದು ಯಾರೂ ಬರಲಿಲ್ಲ. ಎರಡನೆಯ ವಾರವೂ ಬರಲಿಲ್ಲ.

ಇಲ್ಲಿ ನಾನು ಬೇರೆಯವರ ಮನಸ್ಸಿನ ಮಾತು ಹೇಳುವ ಅಗತ್ಯವಿಲ್ಲ, ನನ್ನದನ್ನೇ ಹೇಳುತ್ತೇನೆ. ಪುಕ್ಕಟೆ ಕಟಿಂಗಿಗೆ ಕೊನೆಯೇ ಇಲ್ಲದಿದ್ದಾಗ ನನ್ನ ಕೂದಲು ಮೂರೇ ವಾರಕ್ಕೆ ಕಿವಿ ಮುಟ್ಟುತ್ತಿತ್ತು. ಕೈಯಲ್ಲಿ ಮೂವತ್ತೇ ಚೀಟಿ ಅಂತಾದ ಮೇಲೆ, ಕಿವಿ ಮುಟ್ಟಿದರೆ ಏನಾಯಿತು ಅನ್ನಿಸತೊಡಗಿತು. ತಿಂಗಳಿಗೊಂದು ಖರ್ಚು ಮಾಡಿದರೆ ಎರಡೂವರೆ ವರ್ಷ. ಮೂರು ತಿಂಗಳಿಗೊಂದಾದರೆ ಏಳೂವರೆ ವರ್ಷ! ಈ ಲೆಕ್ಕವನ್ನು ಮಾತ್ರ ನಾನು ತಕ್ಷಣ ಮಾಡಿದೆ. ಹದಿನಾಲ್ಕು ಮನೆಯಲ್ಲೂ ಇದೇ ಲೆಕ್ಕ ನಡೆದಿರಬೇಕು. ಎರಡು ತಿಂಗಳಾಗುವಷ್ಟರಲ್ಲಿ ನಮ್ಮ ಬೀದಿಯ ಗಂಡಸರೆಲ್ಲ ತಪಸ್ಸಿಗೆ ಕೂತು ಎದ್ದು ಬಂದವರಂತೆ ಕಾಣತೊಡಗಿದರು. ಹಾರ್ಡ್‌ವೇರಿನವರು ಮೊಳೆ ತೂಗುವಾಗ ಮುಂಗೂದಲನ್ನು ಊದಿ ಊದಿ ಮೇಲೆ ಹಾರಿಸುತ್ತಿದ್ದರು. ಡ್ರೈವಿಂಗ್ ಮೇಷ್ಟ್ರ ಗಡ್ಡ ಎದೆಗಿಳಿದು, ಕಲಿಯಲು ಬಂದ ಹೆಂಗಸೊಬ್ಬರು ಅವರ ಕಾಲಿಗೆ ನಮಸ್ಕಾರ ಮಾಡಿ ಕಾರು ಹತ್ತಿದರಂತೆ.

ನನ್ನ ಪಾಡು ಶಾಲೆಯಲ್ಲಿ. ನಮ್ಮ ಹೆಡ್‌ಮಿಸ್ಸು ಕೂದಲು ಬಿಟ್ಟ ಹುಡುಗರನ್ನು ಕ್ಲಾಸಿನ ಹೊರಗೆ ನಿಲ್ಲಿಸುವವರು. ಒಂದು ಬೆಳಗ್ಗೆ ವರಾಂಡದಲ್ಲಿ ಹಾಗೆ ನಿಂತ ನಾಲ್ವರ ಪಕ್ಕದಲ್ಲಿ ನಾನು ಯಾವುದೋ ಸುತ್ತೋಲೆ ಓದುತ್ತಾ ನಿಂತಿದ್ದೆ. ಅವರು ಹಿಂದಿನಿಂದ ಬಂದು, "ಐದನೆಯವನು ಯಾರೋ? ಅಪ್ಪನ್ನ ಕರ್ಕೊಂಡು ಬಾ ನಾಳೆ!" ಅಂದುಬಿಟ್ಟರು. ತಿರುಗಿ ನೋಡಿದೆ. ಅವರು "ಅಯ್ಯೋ ಸಾರ್" ಅಂದರು. ಹುಡುಗರು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಇತ್ತ ಅಂಗಡಿಯ ಬೆಂಚು ಖಾಲಿ. ಖಾಲಿ ಬೆಂಚು ಕಂಡ ದಾರಿಹೋಕರು ಒಬ್ಬೊಬ್ಬರಾಗಿ ಒಳಗೆ ಬರತೊಡಗಿದರು. ಆ ಕಡೆ ಬೀದಿಗೆ ಹೋಗುತ್ತಿದ್ದವರು ಈ ಕಡೆಯೇ ನಿಂತರು. ಅವರ ಹತ್ತಿರ ಚೀಟಿ ಇರಲಿಲ್ಲ, ಪಾಪ. ನೋಟಿತ್ತು. ಆಮೇಲಪ್ಪ ಮೊದಮೊದಲು ಅಭ್ಯಾಸಬಲದಿಂದ, ದುಡ್ಡು ಚಾಚಿದವರಿಗೂ "ಇರಲಿ ಬಿಡಿ" ಅನ್ನುತ್ತಿದ್ದನಂತೆ. ಲಾಂಡ್ರಿ ಬಿಟ್ಟ ಮೇಲೆ ಬಂದು ಎರಡನೆಯ ಕುರ್ಚಿಯಲ್ಲಿ ಕೂರುತ್ತಿದ್ದ ಹೆಂಡತಿ ಕೆಮ್ಮಿದ ಮೇಲೆ ಕೈ ಚಾಚಲು ಕಲಿತ. ಸಂಜೆ ಬಂದದ್ದನ್ನು ಆ ಮೀನಿನ ತೊಟ್ಟಿಗೆ ಹಾಕುತ್ತಿದ್ದರು. ತೊಳೆದು ಒಣಗಿಸಿದ ತೊಟ್ಟಿಯಲ್ಲಿ ನೋಟು ಏರುವುದು ಗಾಜಿನಿಂದಲೇ ಕಾಣುತ್ತಿತ್ತು. ಅವಳ ಸಂಬಳದಲ್ಲಿ ಉಳಿದದ್ದೂ ಅದಕ್ಕೇ ಬಿತ್ತು.

ಗಡುವಿನ ದಿನ ಸಂಜೆ ಐದೂವರೆಗೆ ನನ್ನ ಹೆಂಡತಿ ಬಾಗಿಲು ದೂಡಿಕೊಂಡು ಬಂದಳು.

"ಏಳ್ರೀ. ಕಟಿಂಗ್ ಮಾಡಿಸ್ಕೊಂಡು ಬನ್ನಿ."

"ಇನ್ನೂ ಹದಿನೈದು ದಿನ ತಳ್ಳಬಹುದು ಕಣೇ..."

"ತೊಟ್ಟಿಯಲ್ಲಿ ಹದಿನೇಳು ಸಾವಿರದ ಒಂಬೈನೂರು ಇದೆ. ನೂರು ಕಮ್ಮಿ. ನನ್ನ ತಮ್ಮನ ಅಂಗಡಿಗೆ ನೂರು ರೂಪಾಯಿಗೋಸ್ಕರ ಬೀಗ ಬೀಳೋದನ್ನ ನೋಡ್ಕೊಂಡು ಇಲ್ಲಿ ಜಡೆ ಹೆಣ್ಕೊಂಡು ಕೂತಿರ್ತೀರಾ?"

ನಾನು ಎದ್ದು ಗುಲಾಬಿ ಚೀಟಿಗಳ ಡಬ್ಬಿಗೆ ಕೈ ಹಾಕಿದೆ. ಅವಳು ನೋಡಿದ ನೋಟಕ್ಕೆ ಡಬ್ಬಿ ಮುಚ್ಚಿ ಪರ್ಸು ತೆಗೆದುಕೊಂಡೆ.

ಅಂಗಡಿಯಲ್ಲಿ ಓನರ್ರು ಆಗಲೇ ಬೆಂಚಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ದೊಡ್ಡ ಬೀಗ, ಎದುರು ಗೋಡೆಯಲ್ಲಿ ಗಡಿಯಾರ. ಆಮೇಲಪ್ಪನ ಹೆಂಡತಿ ಬಾಗಿಲಲ್ಲಿ ನಿಂತು ಬೀದಿಯಲ್ಲಿ ಯಾರಾದರೂ ಕೂದಲಿರುವವರು ಬರುತ್ತಾರೇನೋ ಅಂತ ನೋಡುತ್ತಿದ್ದಳು. ಬಂದವನು ನಾನು.

"ಚೀಟಿ ತಂದ್ರಾ ಅಣ್ಣಾ?" ಅಂದಳು, ದನಿ ಬಿದ್ದುಹೋಗಿತ್ತು.

"ದುಡ್ಡು ತಂದಿದ್ದೀನಿ," ಅಂದು ಆಮೇಲಪ್ಪನ ಕಡೆ ತಿರುಗಿದೆ. "ತಗೋಳೋ ನೂರು, ಆಮೇಲೆ ನೋಡ್ಕೊಳ್ಳೋಣ."

"ಸಾಲ ಬೇಡ ಭಾವ. ಅವಳ ತಲೆ ಮುಟ್ಟಿದ್ದೀನಿ. ಕೂತ್ಕೊಳ್ಳಿ, ದುಡಿದೇ ತಗೋತೀನಿ."

ಕೂತೆ. ಗಡಿಯಾರದ ಮೇಲೆ ಕಣ್ಣಿಟ್ಟು ಅವನು ಕತ್ತರಿ ಆಡಿಸಿದ. ಹೊಗಳಿಕೆಯಿಲ್ಲ, ದಾರಿ ಸಿಗಲ್ಲ ಅನ್ನುವ ಮಾತಿಲ್ಲ. ಏಳೇ ನಿಮಿಷದಲ್ಲಿ ಕತ್ತರಿ ನಿಂತಿತು.

"ಯಾಕೋ, ಮುಗೀತಾ?"

"ಇದ್ದದ್ದೇ ಅಷ್ಟು ಭಾವ. ಸುತ್ತ ಉದ್ದ ಬಿಟ್ಟಿದ್ರಿ, ಅದಕ್ಕೆ ತುಂಬ ಇದ್ದ ಹಾಗೆ ಕಾಣ್ತಿತ್ತು." ಕೈಗನ್ನಡಿ ತೆಗೆದು ನನ್ನ ತಲೆಯ ಹಿಂದೆ ಹಿಡಿದ. ಮಿಂಚಿ ಮರೆಯಾಗಲಿಲ್ಲ, ಅಲ್ಲೇ ಗಟ್ಟಿಯಾಗಿ ಹಿಡಿದ.

ಒಂಬತ್ತು ವರ್ಷದಲ್ಲಿ ಮೊದಲ ಸಲ ನಾನು ಅದನ್ನು ಕಂಡೆ. ಅಂಗೈಯಗಲದ ನುಣುಪು. ಅದರಲ್ಲಿ ಟ್ಯೂಬ್‌ಲೈಟು ಸ್ಪಷ್ಟವಾಗಿ ಕಾಣುತ್ತಿತ್ತು.

"ಇದು ಯಾವಾಗಿಂದ?"

"ನೀವು ಸಾಲ ಕೊಟ್ಟ ಮೂರನೇ ವರ್ಷದಿಂದ ಭಾವ. ಹೇಳೋಕೆ ಧೈರ್ಯ ಇರಲಿಲ್ಲ."

ನಾನು ನೂರರ ನೋಟು ಚಾಚಿದೆ. ಅವನು ತಗೊಂಡು ಐವತ್ತು ವಾಪಸ್ ಕೊಟ್ಟ.

"ಏನೋ ಇದು?"

"ಅರ್ಧ ತಲೆಗೆ ಪೂರ್ತಿ ದುಡ್ಡು ತಗೊಂಡ್ರೆ ಅನ್ಯಾಯ ಆಗುತ್ತೆ."

"ಲೋ, ಇಟ್ಕೊಳ್ಳೋ! ಟೈಮು ನೋಡು, ಬೀಗ ನೋಡು!"

"ಕೆಲಸ ಮಾಡದ ದುಡ್ಡು ಬೇಡ ಭಾವ. ಅದೇ ತಾನೇ ಸಾಲ ಅಂದ್ರೆ?"

ಮೂವತ್ತಾರು ಸಾವಿರ ಸಾಲ ಮಾಡುವಾಗ ಬಾರದ ಸತ್ಯವಂತಿಕೆ, ಆರಕ್ಕೆ ಆರು ನಿಮಿಷವಿರುವಾಗ ಬಂದಿತ್ತು. ಅವನ ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು. ಐವತ್ತು ಕಮ್ಮಿ.

"ಐವತ್ತು ಕಮ್ಮಿ ಆದ್ರೂ ಕಮ್ಮಿನೇ," ಅಂತ ಓನರ್ರು ಬೀಗ ಎತ್ತಿಕೊಂಡು ಎದ್ದರು. ಎದ್ದವರ ಮುಖಕ್ಕೆ ಕನ್ನಡಿಯ ಮೇಲಿನ ದೀಪ ಬಿತ್ತು. ಆಮೇಲಪ್ಪ ಅವರನ್ನೇ ದಿಟ್ಟಿಸಿ ನೋಡಿದ. ಬೇರೆ ದಿನವಾಗಿದ್ದರೆ ನೆಲ ನೋಡುತ್ತಿದ್ದ.

"ಓನರ್ರೇ, ತಪ್ಪು ತಿಳ್ಕೋಬೇಡಿ. ನಿಮ್ಮ ಕಿವಿ ಒಳಗಿಂದ ಪೊರಕೆ ಬೆಳೆದ ಹಾಗೆ ಬೆಳೆದಿದೆ."

"ಏನು ಬೆಳೆದಿದೆ?"

"ಕೂದಲು. ಎರಡೂ ಕಿವೀಲಿ. ವರ್ಷಗಟ್ಟಲೆದು."

ಓನರ್ರು ಬೀಗವನ್ನು ನನ್ನ ಕೈಗೆ ಕೊಟ್ಟು ಕನ್ನಡಿಯ ಹತ್ತಿರ ಹೋದರು. ಒಂದು ಕಿವಿ ನೋಡಿದರು, ಕತ್ತು ತಿರುಗಿಸಿ ಇನ್ನೊಂದು ನೋಡಿದರು. "ಮೊನ್ನೆ ಮದುವೆ ಮನೇಲಿ ಇಡೀ ದಿನ ಫೋಟೋ ತೆಗೆಸ್ಕೊಂಡಿದ್ದೀನಲ್ಲಯ್ಯ! ಒಬ್ಬನೂ ಹೇಳಲಿಲ್ವಲ್ಲ!"

"ಎಲ್ರೂ ನಿಮ್ಮ ಬಾಡಿಗೆದಾರರು ಅಲ್ವಾ?" ಅಂದಳು ಅವನ ಹೆಂಡತಿ.

ಅವರು ಕುರ್ಚಿಯಲ್ಲಿ ಕೂತೇಬಿಟ್ಟರು. "ತೆಗಿ. ಎಷ್ಟು?"

"ಒಂದು ಕಿವಿಗೆ ಇಪ್ಪತ್ತೈದು."

ಆರಕ್ಕೆ ಒಂದು ನಿಮಿಷವಿರುವಾಗ ಓನರ್ರು ಐವತ್ತು ಕೊಟ್ಟರು. ಆಮೇಲಪ್ಪ ಅದನ್ನು ತೊಟ್ಟಿಗೆ ಹಾಕಿದ. ಗಡಿಯಾರ ಆರು ಹೊಡೆಯಿತು. ತೊಟ್ಟಿಯನ್ನು ಎತ್ತಿ ಓನರ್ರ ಮಡಿಲಿಗೆ ಬಗ್ಗಿಸಿದ. ಅವರು ಬೆರಳಿಗೆ ಎಂಜಲು ಹಚ್ಚಿ ಎಣಿಸಿದರು. ಕೊನೆಯಲ್ಲಿ ತಮ್ಮದೇ ನೋಟು ಕೈಗೆ ಬಂದಾಗ ಅದನ್ನು ಬೆಳಕಿಗೆ ಹಿಡಿದು ಒಂದು ಕ್ಷಣ ನೋಡಿ, ಹದಿನೆಂಟು ಅಂದರು. ನನ್ನ ಕೈಯಿಂದ ಬೀಗ ತಗೊಂಡರು. ಹೊಸ್ತಿಲಲ್ಲಿ ನಿಂತು, "ಬೀದಿಯಲ್ಲಿ ಇಷ್ಟು ಸದ್ದು ಇದೆಯೇನಯ್ಯಾ?" ಅಂದು ಹೋದರು.

ಆ ರಾತ್ರಿ ನಾನು ನನ್ನ ಚೀಟಿಗಳ ಡಬ್ಬಿಯನ್ನು ತಗೊಂಡು ಹೋಗಿ ಎಲ್ಲವನ್ನೂ ಅವನಿಗೆ ವಾಪಸ್ ಕೊಟ್ಟೆ ಎಂದು ಬರೆಯಬೇಕೆಂದು ನನಗೂ ಆಸೆ. ಹಾಗೇನೂ ಆಗಲಿಲ್ಲ. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಅವನೇ ಚೀಟಿಗೆ ನೂರರಂತೆ ಕೊಟ್ಟು ಒಬ್ಬೊಬ್ಬರಿಂದ ಬಿಡಿಸಿಕೊಳ್ಳುತ್ತಾ ಬಂದ. ಡ್ರೈವಿಂಗ್ ಮೇಷ್ಟ್ರು ಗಡ್ಡದ ತುರಿಕೆ ತಾಳಲಾರದೆ ಮೊದಲು ಕೊಟ್ಟರು. ಹಾರ್ಡ್‌ವೇರಿನವರು ಅಳಿಯನ ಪಾಲನ್ನು ಮಾತ್ರ ಇಟ್ಟುಕೊಂಡು ಉಳಿದದ್ದು ಕೊಟ್ಟರು, ಆಮೇಲೆ ಅದನ್ನೂ ಕೊಟ್ಟರು. ಒಂದೂವರೆ ವರ್ಷದಲ್ಲಿ ಮುನ್ನೂರ ಐವತ್ತೊಂಬತ್ತು ಚೀಟಿ ಅವನ ಹೆಂಡತಿಯ ಪಿನ್ನಿಗೆ ಸೇರಿದವು.

ಉಳಿದ ಒಂದು ನನ್ನ ಹತ್ತಿರ ಇತ್ತು. ಅದನ್ನು ಯಾಕೆ ಇಟ್ಟುಕೊಂಡಿದ್ದೆನೋ, ಸತ್ಯವಾಗಿ ಗೊತ್ತಿಲ್ಲ. ನೆನಪಿಗೆ ಅಂತ ಹೆಂಡತಿಗೆ ಹೇಳಿದ್ದೆ. ಮೊನ್ನೆ ಅರ್ಧ ರೇಟಿನ ಕಟಿಂಗಿಗೆ ಹೋಗಿದ್ದಾಗ ಬೆಂಚಿನ ತುಂಬ ಜನ. ಕಿವಿಗೆ ಬಂದಿದ್ದ ಓನರ್ರೂ ಇದ್ದರು. ಆಮೇಲಪ್ಪ ಕತ್ತರಿ ಕೆಳಗಿಟ್ಟು ನನ್ನೆದುರು ಅಂಗೈ ಚಾಚಿದ. ಅಂಗೈಯಲ್ಲಿ ಹೊಸ ನೂರರ ನೋಟಿತ್ತು.

"ಭಾವ, ಆ ಒಂದು ಚೀಟಿ ಕೊಟ್ಬಿಡಿ. ಅದೊಂದು ಬಂದ್ರೆ ನನ್ನ ತಲೆ ಮೇಲೆ ಯಾರ ಸಾಲಾನೂ ಇಲ್ಲ."

ಜೇಬು ಮುಟ್ಟಿಕೊಂಡೆ. ಚೀಟಿ ಮನೆಯ ಡಬ್ಬಿಯಲ್ಲಿತ್ತು.

"ಆಮೇಲೆ ಕೊಡ್ತೀನಪ್ಪಾ," ಅಂದುಬಿಟ್ಟೆ.

ಬೆಂಚಿಗೆ ಬೆಂಚೇ ಬಿದ್ದು ಬಿದ್ದು ನಕ್ಕಿತು. ಓನರ್ರಿಗೆ ಈಗ ಕಿವಿ ಚೆನ್ನಾಗಿ ಕೇಳಿಸುತ್ತದೆ, ಅವರು ಎಲ್ಲರಿಗಿಂತ ಜೋರಾಗಿ ನಕ್ಕರು. ನಾಚಿಕೆಗೆ ಊರೆಲ್ಲ ಸುತ್ತಿ ನಾನು ಮನೆ ಸೇರುವ ಮೊದಲೇ, ಸುದ್ದಿ ಮುಟ್ಟಿದ್ದ ನನ್ನ ಹೆಂಡತಿ ಡಬ್ಬಿ ತೆರೆದು, ಆ ಚೀಟಿಯನ್ನು ತಮ್ಮನ ಅಂಗಡಿಗೆ ಮುಟ್ಟಿಸಿ, ನೂರನ್ನು ತನ್ನ ಪರ್ಸಿಗೆ ಹಾಕಿಕೊಂಡಾಗಿತ್ತು. ಈಗ ಅವನಿಗೆ ಒಂದು ಪೈಸೆ ಸಾಲವಿಲ್ಲ. ಹಳೆಯ ಅಡ್ಡಹೆಸರೂ ಇಲ್ಲ, ಬೀದಿಯವರು ಅದನ್ನು ಅವನಿಂದ ಬಿಡಿಸಿ ನನಗೆ ಕೊಟ್ಟಿದ್ದಾರೆ.